ಮಗು ಮಣ್ಣಲ್ಲಾಡಲಿ, ಮಣ್ಣು ಚೊಕ್ಕಟವಿರಲಿ

1950ರಲ್ಲಿ ಅಮೆರಿಕದ ಹೆಲೆನರ್ ಕ್ಯಾಂಪ್‌ಬೆಲ್ ವೈಲ್ಡರ್ ಎಂಬ ವಿಜ್ಞಾನಿ 46 ಕಣ್ಣುಗಳ ಪರೀಕ್ಷೆಯ ವರದಿ ಪ್ರಕಟಿಸಿದರು. ಬಹುಪಾಲು ಮಕ್ಕಳ ಕಣ್ಣುಗಳು. ಕ್ಯಾನ್ಸರ್ ಇರಬೇಕೆಂಬ ಶಂಕೆಯಿಂದ ವೈದ್ಯರು ಶಸ್ತ್ರಚಿಕಿತ್ಸೆ ಮಾಡಿ ತೆಗೆದಿದ್ದ ಕಣ್ಣುಗಳು. ತೆಳುವಾಗಿ ಸೀಳಿದ ಪದರಗಳನ್ನು ಒಂದೊಂದಾಗಿ ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದಾಗ 24 ಕಣ್ಣುಗಳಲ್ಲಿ ಕಂಡದ್ದು ಹುಳುವಿನ ಮರಿ, ಇಲ್ಲವೇ ಅದು ಉಳಿಸಿಹೋದ ಕುರುಹು. ಆ ಮರಿ ಯಾವ ಹುಳುವಿನದು ಎಂಬುದು ಗೊತ್ತಾಗಲು 1956ರವರೆಗೆ ಕಾಯಬೇಕಾಯಿತು. ನಾಯಿಯ ಕರುಳಿನಲ್ಲಿ ಬದುಕುವ ದುಂಡುಹುಳು ಅದು. ಹೆಸರು ಟಾಕ್ಸೊಕಾರಾ ಕ್ಯಾನಿಸ್. ಅಷ್ಟರಲ್ಲಿ, 1952ರಲ್ಲಿ, ನ್ಯೂ ಆರ್ಲಿಯನ್ಸ್‌ನ ಪಾಲ್ ಬೀವರ್ ಮತ್ತು ಸಂಗಡಿಗರು ಇದೇ ಹುಳುವಿನ ಮರಿಗಳು ಮಕ್ಕಳ ಲಿವರ್‌ನಂಥ ಒಳ ಅಂಗಗಳಲ್ಲಿ ಅಲೆದಾಡಿ ಕಾಯಿಲೆ ತರುತ್ತವೆಂದು ತೋರಿಸಿಕೊಟ್ಟಿದ್ದರು.

ನಾಯಿಯ ಹೊಟ್ಟೆಯಲ್ಲಿರಬೇಕಾದ ಹುಳು ಮಗುವಿನ ಕಣ್ಣಿಗೆ ಬಂದದ್ದು ಹೇಗೆ? ನಡುವೆ ಇದ್ದ ದಾರಿ ಮಣ್ಣು. ಅಂಗಳದ ಮಣ್ಣು, ಪಾರ್ಕಿನ ಮಣ್ಣು, ಜಾರುಬಂಡೆಯ ಬುಡದಲ್ಲಿ ಹರಡಿದ ಮರಳು.

ಈ ಸಂಗತಿ ಓದಿದ ಯಾವ ತಂದೆ ತಾಯಿಗೂ ಮೊದಲು ಅನ್ನಿಸುವುದು, ಇನ್ನು ಮಗುವನ್ನು ಮಣ್ಣಿಗೆ ಬಿಡಬಾರದು ಎಂದೇ. ಆ ತೀರ್ಮಾನ ತಪ್ಪು ಎಂದು ಹೇಳುವುದಕ್ಕಾಗಿಯೇ ಈ ಬರಹ. ಮಣ್ಣಿನಲ್ಲಿ ಹುಳು ಹುಟ್ಟುವುದಿಲ್ಲ. ಅದು ಮಣ್ಣಿಗೆ ಬೀಳುತ್ತದೆ, ಮಣ್ಣಿನಲ್ಲಿ ಕೆಲವು ವಾರ ಬಲಿಯುತ್ತದೆ, ಆಮೇಲಷ್ಟೇ ಅಪಾಯಕಾರಿಯಾಗುತ್ತದೆ. ಬೀಳುವುದಕ್ಕೂ ಬಲಿಯುವುದಕ್ಕೂ ನಡುವೆ ಇರುವ ಆ ಕೆಲವು ವಾರಗಳೇ ನಮ್ಮ ಕೈಯಲ್ಲಿರುವ ಅವಕಾಶ. ಅದನ್ನು ಬಳಸಿಕೊಂಡರೆ ಮಗುವನ್ನು ಮಣ್ಣಿನಿಂದ ದೂರ ಇಡಬೇಕಾಗಿಲ್ಲ. ಮಲವನ್ನು ಮಣ್ಣಿನಿಂದ ದೂರ ಇಟ್ಟರೆ ಸಾಕು.

ಮರಿಯಿಂದ ಮಣ್ಣಿಗೆ

ಟಾಕ್ಸೊಕಾರಾದ ಕತೆ ಶುರುವಾಗುವುದು ಬಸುರಿ ನಾಯಿಯಲ್ಲಿ. ಹಿಂದೆಂದೋ ದೇಹ ಹೊಕ್ಕ ಹುಳುವಿನ ಮರಿಗಳು ಹೆಣ್ಣು ನಾಯಿಯ ಸ್ನಾಯುಗಳಲ್ಲಿ ಅಡಗಿ ಮಲಗಿರುತ್ತವೆ. ನಾಯಿ ಗಬ್ಬವಾದಾಗ ಅವು ಎಚ್ಚರಗೊಂಡು ಗರ್ಭದಲ್ಲಿರುವ ನಾಯಿಮರಿಗಳನ್ನು ಸೇರುತ್ತವೆ. ಅಂದರೆ ನಾಯಿಮರಿ ಹುಟ್ಟುವಾಗಲೇ ಹುಳುವನ್ನು ಹೊತ್ತು ತರುತ್ತದೆ. ಹಾಲಿನಲ್ಲೂ ಒಂದಷ್ಟು ಸಾಗುತ್ತವೆ. ಮೂರು ವಾರ ತುಂಬುವಷ್ಟರಲ್ಲಿ ಮರಿಯ ಕರುಳಿನಲ್ಲಿ ಹುಳುಗಳು ಬೆಳೆದು ಮೊಟ್ಟೆ ಇಡತೊಡಗುತ್ತವೆ. ಒಂದು ಹೆಣ್ಣುಹುಳು ದಿನಕ್ಕೆ 2 ಲಕ್ಷದವರೆಗೂ ಮೊಟ್ಟೆ ಇಡಬಲ್ಲದು. ದೊಡ್ಡ ನಾಯಿಗಳಲ್ಲಿ ರೋಗನಿರೋಧಕ ಶಕ್ತಿ ಬಲಿತಿರುವುದರಿಂದ ಕರುಳಿನ ಹುಳುಗಳು ಕಡಿಮೆ. ಹಾಗಾಗಿ ಪಾರ್ಕಿನ ಮಣ್ಣಿಗೆ ಅತಿ ಹೆಚ್ಚು ಮೊಟ್ಟೆ ಸುರಿಯುವುದು ಬೊಗಳುತ್ತಾ ಬೆನ್ನಟ್ಟುವ ದೊಡ್ಡ ನಾಯಿಯಲ್ಲ. ಬೆಂಚಿನ ಕೆಳಗೆ ತಾಯಿಗೆ ಒತ್ತಿಕೊಂಡು ಮಲಗಿರುವ, ಮಕ್ಕಳು ಆಸೆಯಿಂದ ಎತ್ತಿಕೊಳ್ಳುವ ಮುದ್ದು ಮರಿ.

ಈಗ ಮುಖ್ಯವಾದ ಮಾತಿಗೆ ಬರೋಣ. ಆಗತಾನೇ ಬಿದ್ದ ಮಲದಲ್ಲಿರುವ ಮೊಟ್ಟೆಯಿಂದ ಈ ಸೋಂಕು ತಗಲುವುದಿಲ್ಲ. ಮೊಟ್ಟೆಯೊಳಗೆ ಮರಿಹುಳು ರೂಪುಗೊಳ್ಳಬೇಕು. ಅದಕ್ಕೆ ಬೆಚ್ಚನೆಯ ಹವೆ ಬೇಕು, ತೇವ ಬೇಕು, ಒಂದರಿಂದ ನಾಲ್ಕು ವಾರ ಸಮಯ ಬೇಕು. ಅಷ್ಟರಲ್ಲಿ ಮಲ ಒಣಗಿ, ಪುಡಿಯಾಗಿ, ಮಳೆಗೆ ಕರಗಿ ಕಣ್ಣಿಗೆ ಕಾಣದಂತಾಗಿರುತ್ತದೆ. ಮಲ ಕಾಣುವಾಗ ನಾವು ಮೂಗು ಮುಚ್ಚಿಕೊಂಡು ದೂರ ಸರಿಯುತ್ತೇವೆ. ಕಾಣದಾದ ಮೇಲೆ ಜಾಗ ಶುದ್ಧವಾಯಿತೆಂದು ಮಗುವನ್ನು ಬಿಡುತ್ತೇವೆ. ಮೊಟ್ಟೆ ಬಲಿತಿರುವುದು ಆಗಲೇ. ಬಲಿತ ಮೊಟ್ಟೆ ಮಣ್ಣಿನಲ್ಲಿ ತಿಂಗಳುಗಟ್ಟಲೆ, ನೆರಳು ಮತ್ತು ತೇವ ಇದ್ದರೆ ವರ್ಷಗಟ್ಟಲೆ ಜೀವ ಹಿಡಿದುಕೊಂಡಿರುತ್ತದೆ.

ಮಗು ಮರಳಲ್ಲಿ ಕೈಯಾಡಿಸುತ್ತದೆ, ಅದೇ ಕೈಯಲ್ಲಿ ಬಿಸ್ಕತ್ತು ತಿನ್ನುತ್ತದೆ. ಉಗುರಿನ ಸಂದಿಯ ಮಣ್ಣಿನ ಜೊತೆ ಮೊಟ್ಟೆಯೂ ಹೊಟ್ಟೆ ಸೇರುತ್ತದೆ. ಕರುಳಿನಲ್ಲಿ ಒಡೆದ ಮೊಟ್ಟೆಯಿಂದ ಹೊರಬಂದ ಮರಿಹುಳು ರಕ್ತದ ಮೂಲಕ ಲಿವರ್, ಶ್ವಾಸಕೋಶ, ಕೆಲವೊಮ್ಮೆ ಕಣ್ಣು, ಅಪರೂಪಕ್ಕೆ ಮಿದುಳಿನವರೆಗೂ ಹೋಗುತ್ತದೆ. ಮನುಷ್ಯನ ಮೈಯಲ್ಲಿ ಅದು ಎಂದೂ ದೊಡ್ಡ ಹುಳುವಾಗಿ ಬೆಳೆಯಲಾರದು. ದಾರಿ ತಪ್ಪಿ ಅಲೆಯುತ್ತದೆ, ಅಲೆದಲ್ಲೆಲ್ಲ ಉರಿಯೂತ ಉಂಟುಮಾಡುತ್ತದೆ.

ಭಯಪಡುವ ಮೊದಲು ಪ್ರಮಾಣ ಗೊತ್ತಿರಬೇಕು. ಜಗತ್ತಿನ ನಾನಾ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಸಾರ್ವಜನಿಕ ಸ್ಥಳಗಳಿಂದ ತೆಗೆದ ಮಣ್ಣು ಮರಳಿನ ಮಾದರಿಗಳಲ್ಲಿ ಸುಮಾರು ಶೇ 21ರಲ್ಲಿ ಟಾಕ್ಸೊಕಾರಾ ಮೊಟ್ಟೆಗಳಿದ್ದವು. 2019ರ ಇನ್ನೊಂದು ವಿಶ್ಲೇಷಣೆ, ಜಗತ್ತಿನ ಜನರಲ್ಲಿ ಸುಮಾರು ಶೇ 19ರಷ್ಟು ಮಂದಿಯ ರಕ್ತದಲ್ಲಿ ಈ ಹುಳುವಿನ ವಿರುದ್ಧದ ಪ್ರತಿಕಾಯಗಳಿವೆ ಎಂದು ಅಂದಾಜು ಮಾಡಿತು. ಇವರಲ್ಲಿ ಬಹುತೇಕರಿಗೆ ಏನೂ ಆಗಿರುವುದಿಲ್ಲ. ಸೋಂಕು ಬಂದದ್ದೂ ಹೋದದ್ದೂ ಅವರಿಗೆ ತಿಳಿದಿರುವುದಿಲ್ಲ. ಕೆಲವರಿಗೆ ಜ್ವರ, ಕೆಮ್ಮು, ಉಬ್ಬಸ, ಹೊಟ್ಟೆನೋವು. ತೀರಾ ಕೆಲವರಿಗೆ ಮಾತ್ರ ಕಣ್ಣಿಗೆ ಏಟು. ಆದರೆ ಆ ಕೆಲವರಲ್ಲಿ ಮಕ್ಕಳೇ ಹೆಚ್ಚು, ಹೋದ ದೃಷ್ಟಿ ಮರಳಿ ಬರುವುದು ಕಷ್ಟ. ತಡೆಯಬಹುದಾಗಿದ್ದ ಕುರುಡುತನ ಒಂದೇ ಮಗುವಿಗೆ ಬಂದರೂ ಅದು ಸಣ್ಣ ಸಂಗತಿಯಲ್ಲ.

ಬರಿಗಾಲಿಗೆ ಕಾದಿರುವ ಹುಳು

ದುಂಡುಹುಳು ಬಾಯಿಯಿಂದ ಒಳಹೋದರೆ, ಕೊಕ್ಕೆಹುಳು ಬಾಯಿಗಾಗಿ ಕಾಯುವುದಿಲ್ಲ. 1898ರಲ್ಲಿ ಕೈರೋದಲ್ಲಿ ಆರ್ಥರ್ ಲೂಸ್ ಎಂಬ ಜರ್ಮನ್ ವಿಜ್ಞಾನಿಯ ಕೈಮೇಲೆ ಕೊಕ್ಕೆಹುಳುವಿನ ಮರಿಗಳಿದ್ದ ದ್ರವ ಆಕಸ್ಮಿಕವಾಗಿ ಚೆಲ್ಲಿತು. ಚೆಲ್ಲಿದ ಜಾಗ ಉರಿದು ಕೆಂಪಾಯಿತು. ಕೆಲವು ವಾರಗಳ ನಂತರ ಅವರ ಮಲದಲ್ಲೇ ಕೊಕ್ಕೆಹುಳುವಿನ ಮೊಟ್ಟೆಗಳು ಕಂಡವು. ಈ ಹುಳು ಚರ್ಮವನ್ನೇ ಕೊರೆದು ಒಳನುಗ್ಗುತ್ತದೆ ಎಂಬುದು ಜಗತ್ತಿಗೆ ತಿಳಿದದ್ದು ಹೀಗೆ.

ಮನುಷ್ಯರ ಕೊಕ್ಕೆಹುಳುವಿನಂತೆ ನಾಯಿ ಬೆಕ್ಕುಗಳಿಗೂ ಅವುಗಳದೇ ಕೊಕ್ಕೆಹುಳುಗಳಿವೆ. ಮಲದ ಜೊತೆ ಬಿದ್ದ ಮೊಟ್ಟೆ ಒದ್ದೆ ಮರಳಿನಲ್ಲಿ ಒಂದೆರಡು ದಿನದಲ್ಲೇ ಒಡೆಯುತ್ತದೆ. ಹೊರಬಂದ ಮರಿ ಐದರಿಂದ ಹತ್ತು ದಿನದಲ್ಲಿ ಚರ್ಮ ಕೊರೆಯುವಷ್ಟು ಬಲಿಯುತ್ತದೆ. ಬರಿಗಾಲಿನಲ್ಲಿ ನಡೆದವರ ಅಂಗಾಲು, ಮರಳಲ್ಲಿ ಕೂತ ಮಗುವಿನ ತೊಡೆ, ಮಲಗಿದವರ ಬೆನ್ನು, ಯಾವುದಾದರೂ ಅದಕ್ಕೆ ಸರಿಯೇ. ಆದರೆ ಪ್ರಾಣಿಗಳ ಈ ಹುಳುವಿಗೆ ಸಾಮಾನ್ಯವಾಗಿ ಮನುಷ್ಯನ ಚರ್ಮದ ಮೇಲ್ಪದರ ದಾಟಿ ಒಳಗಿಳಿಯುವ ಶಕ್ತಿ ಇಲ್ಲ. ಆ ಪದರದಲ್ಲೇ ಸಿಕ್ಕಿಕೊಂಡು ಸುರಂಗ ತೋಡುತ್ತಾ ಹೋಗುತ್ತದೆ. ಮೊದಲು ಸೊಳ್ಳೆ ಕಚ್ಚಿದಷ್ಟು ಚಿಕ್ಕ ಗುಳ್ಳೆ. ಆಮೇಲೆ ಅಲ್ಲಿಂದ ಹೊರಟ, ಕೈಗೆ ತಗಲುವಷ್ಟು ಉಬ್ಬಿದ, ಅಂಕುಡೊಂಕಾದ ಗೆರೆ. ಚರ್ಮದಡಿ ಕೆಂಪು ದಾರ ಹೊಲಿದಂತೆ. ಇವತ್ತು ಕಿರುಬೆರಳ ಬುಡದಲ್ಲಿದ್ದ ತುದಿ ನಾಳೆ ಒಂದು ಸೆಂಟಿಮೀಟರ್ ಆಚೆ. ರಾತ್ರಿ ನಿದ್ದೆಗೆಡಿಸುವ ತುರಿಕೆ. ಕೆರೆದಷ್ಟೂ ಗಾಯ, ಗಾಯಕ್ಕೆ ಕೀವು. ಹುಳು ಕೆಲವು ವಾರಗಳಲ್ಲಿ ತಾನಾಗಿಯೇ ಸಾಯುತ್ತದಾದರೂ ಅಷ್ಟು ದಿನ ನರಳಬೇಕಾಗಿಲ್ಲ. ವೈದ್ಯರು ಗೆರೆ ನೋಡಿದ ಕೂಡಲೇ ಗುರುತಿಸಿ ಮಾತ್ರೆ ಕೊಡಬಲ್ಲರು. ಹುಳುಕಡ್ಡಿ ಎಂದುಕೊಂಡು ಮೆಡಿಕಲ್ ಅಂಗಡಿಯ ಮುಲಾಮು ಹಚ್ಚುತ್ತಾ ಕೂರುವುದರಿಂದ ಪ್ರಯೋಜನವಿಲ್ಲ.

2006ರಲ್ಲಿ ಅಮೆರಿಕದ ಮಯಾಮಿಯಲ್ಲಿ ಮಕ್ಕಳ ಬೇಸಿಗೆ ಶಿಬಿರವೊಂದರಲ್ಲಿ ಹೀಗೇ ಆಯಿತು. ಮೊದಲು ಮೂವರು ಮಕ್ಕಳ ಮೈಮೇಲೆ ಗೆರೆ ಕಾಣಿಸಿತು. ಆರೋಗ್ಯ ಇಲಾಖೆ ವಿಚಾರಿಸುತ್ತಾ ಹೋದಾಗ ಮಕ್ಕಳು ಮತ್ತು ಸಿಬ್ಬಂದಿ ಸೇರಿ 22 ಮಂದಿಗೆ ಸೋಂಕು ತಗಲಿತ್ತು. ಮೂಲ, ಮಕ್ಕಳು ಆಡುತ್ತಿದ್ದ ಮರಳುಗುಂಡಿ. ಅದರ ಸುತ್ತ ಬೆಕ್ಕುಗಳು ಓಡಾಡುತ್ತಿದ್ದವು. ಅದು ಶ್ರೀಮಂತ ದೇಶದ, ಮೇಲ್ವಿಚಾರಣೆ ಇದ್ದ ಜಾಗ ಎಂಬುದನ್ನು ನೆನಪಿಡಬೇಕು. ಮರಳುಗುಂಡಿಯನ್ನು ತೆರೆದಿಟ್ಟರೆ ಯಾವ ಊರಾದರೂ ಅಷ್ಟೇ.

ನಮ್ಮ ಕರಾವಳಿಗೂ ಇದು ಅನ್ವಯಿಸುತ್ತದೆ. ಮಲ್ಪೆಯೋ ಪಣಂಬೂರೋ ಗೋಕರ್ಣವೋ, ಕಡಲತೀರದಲ್ಲಿ ಎಲ್ಲ ಮರಳೂ ಒಂದೇ ಅಲ್ಲ. ಅಲೆ ಬಂದು ತೊಳೆದು ಹೋಗುವ ಒದ್ದೆ ಮರಳು ಹೆಚ್ಚು ಸುರಕ್ಷಿತ. ಭರತದ ನೀರು ಮುಟ್ಟದ ಮೇಲ್ಭಾಗದ ಸಡಿಲ ಮರಳು, ಗಾಳಿಮರದ ನೆರಳು, ದಡಕ್ಕೆಳೆದ ದೋಣಿಗಳ ಆಸುಪಾಸು, ತಿಂಡಿ ಗಾಡಿಗಳ ಹಿಂಬದಿ, ಇವು ನಾಯಿಗಳು ಮಲಗುವ ಜಾಗಗಳು. ಅಲ್ಲಿ ಚಪ್ಪಲಿ ಹಾಕಿಕೊಂಡೇ ನಡೆದು, ನೀರು ತಾಗುವ ಕಡೆ ಬಂದು ಚಪ್ಪಲಿ ಬಿಟ್ಟರೆ ಅರ್ಧ ಅಪಾಯ ಕಳೆದಂತೆ. ಉಡುಪಿ ಜಿಲ್ಲೆಯ ಪಡುಬಿದ್ರಿ ಮತ್ತು ಹೊನ್ನಾವರದ ಕಾಸರಕೋಡು ತೀರಗಳಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ಆ ಮಾನ್ಯತೆಯ ಷರತ್ತುಗಳಲ್ಲಿ ತೀರದಲ್ಲಿ ನಾಯಿ ಮತ್ತಿತರ ಪ್ರಾಣಿಗಳ ನಿಯಂತ್ರಣವೂ ಒಂದು. ಅಲ್ಲಿ ಸಾಧ್ಯವಾಗುವುದು ಉಳಿದ ತೀರಗಳಲ್ಲಿ ಯಾಕೆ ಆಗಬಾರದು?

ಬೆಕ್ಕಿನ ಪಾಲು

ಬೀದಿನಾಯಿಯ ಚರ್ಚೆಯ ಗದ್ದಲದಲ್ಲಿ ಬೆಕ್ಕು ತಪ್ಪಿಸಿಕೊಂಡುಬಿಡುತ್ತದೆ. ಮಲ ಮಾಡಿ ಮುಚ್ಚಿಡುವುದು ಬೆಕ್ಕಿನ ಸ್ವಭಾವ. ಮುಚ್ಚಲು ಅದಕ್ಕೆ ಸಡಿಲವಾದ, ಒಣಗಿದ, ಮೆತ್ತನೆಯ ನೆಲ ಬೇಕು. ಮಕ್ಕಳ ಮರಳುಗುಂಡಿ ಅದಕ್ಕೆಂದೇ ಮಾಡಿಟ್ಟಂತಿದೆ. 1990ರ ದಶಕದಲ್ಲಿ ಜಪಾನಿನ ಸಂಶೋಧಕ ಶೋಜಿ ಉಗಾ ಮತ್ತು ಸಂಗಡಿಗರು ಪಾರ್ಕುಗಳ ಮರಳುಗುಂಡಿಗಳಿಗೆ ಕ್ಯಾಮೆರಾ ಇಟ್ಟು ರಾತ್ರಿಯಿಡೀ ಏನು ನಡೆಯುತ್ತದೆಂದು ದಾಖಲಿಸಿದರು. ಮರಳಿನಲ್ಲಿ ಮಲ ಮಾಡುತ್ತಿದ್ದುದು ಹೆಚ್ಚಾಗಿ ಬೆಕ್ಕುಗಳು, ಅದೂ ಕತ್ತಲಾದ ಮೇಲೆ. ಬೆಳಿಗ್ಗೆ ನೋಡಿದವರಿಗೆ ಮರಳು ಸಪಾಟಾಗಿ, ಶುಭ್ರವಾಗಿ ಕಾಣುತ್ತಿತ್ತು. ಅವರೇ ಮಾಡಿದ ಇನ್ನೊಂದು ಅಧ್ಯಯನದಲ್ಲಿ ರಾಸಾಯನಿಕ ಸುರಿಯುವುದಕ್ಕಿಂತ, ಮಕ್ಕಳಿಲ್ಲದ ಹೊತ್ತಿನಲ್ಲಿ ಮರಳಿಗೆ ಪ್ಲಾಸ್ಟಿಕ್ ಹೊದಿಕೆ ಹೊದಿಸುವುದೇ ಹೆಚ್ಚು ಫಲ ಕೊಟ್ಟಿತು.

ಬೆಕ್ಕಿನಿಂದ ಬರುವ ಇನ್ನೊಂದು ಜೀವಿ ಟಾಕ್ಸೊಪ್ಲಾಸ್ಮಾ. ಹೆಸರು ಹತ್ತಿರದ್ದಾದರೂ ಇದು ಹುಳುವಲ್ಲ, ಏಕಕೋಶ ಜೀವಿ. ಮೊದಲ ಸಲ ಸೋಂಕು ತಗಲಿದ ಬೆಕ್ಕು ಒಂದೆರಡು ವಾರ ಮಾತ್ರ ಅದನ್ನು ಹೊರಹಾಕುತ್ತದೆ. ಆದರೆ ಆ ಅವಧಿಯಲ್ಲೇ ಲಕ್ಷಾಂತರ ಕಣಗಳು ಮಣ್ಣು ಸೇರುತ್ತವೆ. 1977ರಲ್ಲಿ ಅಮೆರಿಕದ ಅಟ್ಲಾಂಟಾದ ಕುದುರೆ ಸವಾರಿ ಕೇಂದ್ರವೊಂದರಲ್ಲಿ 37 ಮಂದಿಗೆ ಈ ಸೋಂಕು ತಗಲಿದಾಗ, ಬೆಕ್ಕಿನ ಮಲ ಬೆರೆತ ನೆಲದಿಂದೆದ್ದ ಧೂಳಿನತ್ತ ತನಿಖೆ ಬೆರಳು ಮಾಡಿತು. ಆರೋಗ್ಯವಂತರಿಗೆ ಇದು ಸಾಮಾನ್ಯ ಜ್ವರದಂತೆ ಬಂದುಹೋಗುತ್ತದೆ. ಬಸುರಿನಲ್ಲಿ ಮೊದಲ ಬಾರಿ ತಗಲಿದರೆ ಮಾತ್ರ ಹೊಟ್ಟೆಯಲ್ಲಿರುವ ಮಗುವಿನ ಕಣ್ಣು, ಮಿದುಳಿಗೆ ಅಪಾಯ. ಹಾಗಾಗಿ ಬಸುರಿಯರು ಕೈತೋಟದ ಮಣ್ಣು ಮುಟ್ಟುವಾಗ ಕೈಗವಸು ಹಾಕಿಕೊಳ್ಳಬೇಕು, ಬೆಕ್ಕಿನ ಮಲ ಬಳಿಯುವ ಕೆಲಸ ಮನೆಯ ಬೇರೆಯವರದ್ದಾಗಬೇಕು. ಸಾಕಿದ ಬೆಕ್ಕನ್ನು ಮನೆಯಿಂದ ಓಡಿಸಬೇಕಾಗಿಲ್ಲ.

ಪಾರ್ಕು ಎಂದಾಗ ನಗರದ ಉದ್ಯಾನವಷ್ಟೇ ಕಣ್ಣಮುಂದೆ ಬಂದರೆ ಸಾಲದು. ಮನೆ ಕಟ್ಟುವ ಕಡೆ ರಸ್ತೆಬದಿಯಲ್ಲಿ ಸುರಿದ ಮರಳಿನ ರಾಶಿಯನ್ನು ನೋಡಿ. ಹಗಲಿಗೆ ಅದು ಕಟ್ಟಡ ಕಾರ್ಮಿಕರ ಮಕ್ಕಳ ಆಟದ ಮೈದಾನ, ರಾತ್ರಿಗೆ ನಾಯಿ ಬೆಕ್ಕುಗಳ ಹಾಸಿಗೆ ಮತ್ತು ಶೌಚದ ಜಾಗ. ಆ ಮಕ್ಕಳ ಕಾಲಿಗೆ ಚಪ್ಪಲಿ ಇರುವುದಿಲ್ಲ, ಕೈತೊಳೆಯಲು ಹತ್ತಿರದಲ್ಲಿ ನಲ್ಲಿ ಇರುವುದಿಲ್ಲ, ಮೈಮೇಲೆ ಗೆರೆ ಮೂಡಿದರೆ ಒಂದು ದಿನದ ಕೂಲಿ ಬಿಟ್ಟು ಆಸ್ಪತ್ರೆಗೆ ಕರೆದೊಯ್ಯುವ ಅನುಕೂಲ ಇರುವುದಿಲ್ಲ. ಮಣ್ಣಿನ ಸೋಂಕಿಗೆ ಎಲ್ಲರಿಗಿಂತ ಮೊದಲು ತುತ್ತಾಗುವವರು ಅವರೇ. ರಾತ್ರಿ ಕೆಲಸ ಮುಗಿದ ಮೇಲೆ ಮರಳಿಗೆ ಒಂದು ಟಾರ್ಪಾಲು ಹೊದಿಸುವಂತೆ ಕಂತ್ರಾಟುದಾರರಿಗೆ ಹೇಳುವುದು ಮನೆ ಕಟ್ಟಿಸುವವರ ಹೊಣೆ.

ಮಾತ್ರೆ ಮತ್ತು ಅದರ ಮಿತಿ

ಮಕ್ಕಳು ಸಿಹಿ ಜಾಸ್ತಿ ತಿಂದರೆ ಹೊಟ್ಟೆಯಲ್ಲಿ ಹುಳ ಆಗುತ್ತದೆ ಎಂಬ ಮಾತು ನಮ್ಮ ಮನೆಗಳಲ್ಲಿ ಇನ್ನೂ ಓಡಾಡುತ್ತಿದೆ. ಸಿಹಿಯಿಂದ ಹುಳ ಹುಟ್ಟುವುದಿಲ್ಲ. ಮೊಟ್ಟೆಯೋ ಮರಿಯೋ ಒಳಗೆ ಹೋದರಷ್ಟೇ ಹುಳ. ಬಯಲಲ್ಲಿ ಬಿದ್ದ ಮನುಷ್ಯರ ಮಲದಿಂದ ಹರಡುವ ದುಂಡುಹುಳು, ಚಾವಟಿಹುಳು, ಕೊಕ್ಕೆಹುಳುಗಳು ಜಗತ್ತಿನಲ್ಲಿ ಸುಮಾರು 150 ಕೋಟಿ ಜನರನ್ನು ಬಾಧಿಸುತ್ತಿವೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ನಮ್ಮಲ್ಲಿ 2015ರಿಂದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ ನಡೆಯುತ್ತಿದೆ. ಫೆಬ್ರುವರಿ 10 ಮತ್ತು ಆಗಸ್ಟ್ 10ರ ಆಸುಪಾಸಿನಲ್ಲಿ ಅಂಗನವಾಡಿ, ಶಾಲೆಗಳಲ್ಲಿ ಮಕ್ಕಳಿಗೆ ಆಲ್ಬೆಂಡಜೋಲ್ ಮಾತ್ರೆ ಚೀಪಿಸುತ್ತಾರೆ. 400 ಮಿಲಿಗ್ರಾಮಿನದು, ಒಂದರಿಂದ ಎರಡು ವರ್ಷದವರಿಗೆ ಅದರರ್ಧ. ಆ ಮಾತ್ರೆಯನ್ನು ತಪ್ಪಿಸಬೇಡಿ. ರಕ್ತಹೀನತೆಯ ವಿರುದ್ಧ ನಡೆಯುವ ಹೋರಾಟದಲ್ಲಿ ಅದರ ಪಾಲು ದೊಡ್ಡದು.

ಆದರೆ ಅದರ ಕೆಲಸ ಕರುಳಿನಲ್ಲಿರುವ ಹುಳುವಿನ ಮೇಲೆ. ನಾಯಿ ಬೆಕ್ಕಿನ ದುಂಡುಹುಳುವಿನ ಮರಿ ಮಗುವಿನ ಕರುಳಿನಲ್ಲಿ ನಿಲ್ಲುವುದೇ ಇಲ್ಲ, ಅಂಗಾಂಗಗಳಲ್ಲಿ ಅಲೆಯುತ್ತದೆ. ಅದಕ್ಕೆ ಹಲವು ದಿನಗಳ ಚಿಕಿತ್ಸೆ ಬೇಕು, ಕಣ್ಣಿಗೆ ಬಂದಿದ್ದರೆ ಕಣ್ಣಿನ ತಜ್ಞರೇ ನೋಡಬೇಕು. ಮಲಪರೀಕ್ಷೆಯಲ್ಲೂ ಅದು ಸಿಗುವುದಿಲ್ಲ. ಮನುಷ್ಯನೊಳಗೆ ಅದು ಮೊಟ್ಟೆ ಇಡುವಷ್ಟು ಬೆಳೆಯುವುದಿಲ್ಲವಲ್ಲ. ರಕ್ತದಲ್ಲಿ ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣ ಏರಿದ್ದು, ಮಗುವಿಗೆ ಬಿಡದೆ ಕೆಮ್ಮೋ ಉಬ್ಬಸವೋ ಇದ್ದರೆ, ಮನೆಯಲ್ಲಿ ನಾಯಿಮರಿ ಇದೆಯೇ, ಮಗು ಮಣ್ಣು ತಿನ್ನುತ್ತದೆಯೇ ಎಂದು ವೈದ್ಯರು ಒಂದು ಮಾತು ಕೇಳುವುದು ಒಳ್ಳೆಯದು. ಅವರು ಕೇಳದಿದ್ದರೆ ನಾವೇ ಹೇಳಬೇಕು.

ಕಣ್ಣಿನ ವಿಷಯದಲ್ಲಿ ಇನ್ನೊಂದು ಎಚ್ಚರ. ಈ ಹುಳು ಸಾಮಾನ್ಯವಾಗಿ ಒಂದೇ ಕಣ್ಣನ್ನು ಹಿಡಿಯುತ್ತದೆ. ಇನ್ನೊಂದು ಕಣ್ಣು ಚೆನ್ನಾಗಿ ಕಾಣುತ್ತಿರುವುದರಿಂದ ಮಗುವಿಗೂ ಗೊತ್ತಾಗುವುದಿಲ್ಲ, ಮನೆಯವರಿಗೂ ಗೊತ್ತಾಗುವುದಿಲ್ಲ. ಆಗಾಗ ಒಂದೊಂದು ಕಣ್ಣನ್ನು ಅಂಗೈಯಿಂದ ಮುಚ್ಚಿಸಿ ಗೋಡೆಯ ಕ್ಯಾಲೆಂಡರಿನ ಅಂಕಿ ಓದಿಸಿ ನೋಡಿ. ಒಂದು ಕಣ್ಣಿಗೆ ಮಂಜಾಗಿದ್ದರೆ, ಹೊಸದಾಗಿ ಮೆಳ್ಳೆಗಣ್ಣು ಬಂದಿದ್ದರೆ, ಫೋಟೊದಲ್ಲಿ ಪಾಪೆ ಬೆಳ್ಳಗೆ ಹೊಳೆದರೆ ಅಂದೇ ಕಣ್ಣಿನ ವೈದ್ಯರ ಹತ್ತಿರ ಹೋಗಿ. ಕಾರಣ ಯಾವುದೇ ಇರಲಿ, ಆ ಲಕ್ಷಣಗಳು ಕಾಯುವಂಥವಲ್ಲ.

ಮಣ್ಣನ್ನು ಪರೀಕ್ಷಿಸುವುದು ಹೇಗೆ

ಇದಕ್ಕೆ ಕೋಟಿ ರೂಪಾಯಿಯ ಯಂತ್ರ ಬೇಡ. ಮರಳುಗುಂಡಿಯ ನಾಲ್ಕು ಮೂಲೆ ಮತ್ತು ನಡುವಿನಿಂದ, ಮೇಲ್ಪದರದ ಎರಡು ಮೂರು ಸೆಂಟಿಮೀಟರಿನಷ್ಟು ಮರಳು ಕೆರೆದು ತರುತ್ತಾರೆ. ಒಣಗಿಸಿ, ಜರಡಿ ಹಿಡಿದು, ಕಲ್ಲು ಕಸ ತೆಗೆಯುತ್ತಾರೆ. ಟಾಕ್ಸೊಕಾರಾ ಮೊಟ್ಟೆಯ ಹೊರಕವಚ ತುಂಬ ಸಣ್ಣ ಸಣ್ಣ ಗುಳಿಗಳಿದ್ದು ಜಿಗುಟಾಗಿರುತ್ತದೆ, ಮರಳ ಕಣವನ್ನು ಕಚ್ಚಿ ಹಿಡಿದಿರುತ್ತದೆ. ಬೆರಳಿಗೆ, ಚೆಂಡಿಗೆ, ಚಪ್ಪಲಿಯ ಅಟ್ಟೆಗೆ, ನಾಯಿಯ ರೋಮಕ್ಕೆ ಅಂಟುವುದೂ ಇದೇ ಗುಣದಿಂದ. ಅದನ್ನು ಬಿಡಿಸಲು ಮಾರ್ಜಕ ಬೆರೆಸಿದ ನೀರಿನಲ್ಲಿ ಮರಳನ್ನು ಚೆನ್ನಾಗಿ ಕುಲುಕುತ್ತಾರೆ. ಆಮೇಲೆ ಉಪ್ಪು, ಸಕ್ಕರೆ ಅಥವಾ ಸತುವಿನ ಸಲ್ಫೇಟಿನ ಗಾಢ ದ್ರಾವಣ ಸೇರಿಸುತ್ತಾರೆ. ಮರಳು ತಳ ಸೇರುತ್ತದೆ; ದ್ರಾವಣಕ್ಕಿಂತ ಹಗುರವಾದ ಮೊಟ್ಟೆಗಳು ಮೇಲೆ ತೇಲಿ ಬರುತ್ತವೆ. ಕೊಳವೆಯ ಬಾಯಿಗೆ ತಾಗಿಸಿಟ್ಟ ತೆಳುಗಾಜಿಗೆ ಅವು ಅಂಟಿಕೊಳ್ಳುತ್ತವೆ. ಸ್ವಲ್ಪ ಹೊತ್ತಿನ ಮೇಲೆ ಗಾಜನ್ನೆತ್ತಿ ಸೂಕ್ಷ್ಮದರ್ಶಕದಡಿ ಇಟ್ಟರೆ ಕಂದುಬಣ್ಣದ, ದುಂಡನೆಯ ಮೊಟ್ಟೆ. ಒಂದು ಮಿಲಿಮೀಟರ್ ಉದ್ದದಲ್ಲಿ ಸುಮಾರು ಹನ್ನೆರಡು ಮೊಟ್ಟೆ ಸಾಲಾಗಿ ಕೂರುವಷ್ಟು ಚಿಕ್ಕದು. ಬಲಿತದ್ದಾದರೆ ಒಳಗೆ ಸುರುಳಿ ಸುತ್ತಿಕೊಂಡ ಮರಿಹುಳು ಮೆಲ್ಲಗೆ ಮಿಸುಕುವುದೂ ಕಾಣುತ್ತದೆ.

ಪಶುವೈದ್ಯಕೀಯ ಕಾಲೇಜುಗಳಲ್ಲಿ ಮಲದ ಮಾದರಿಯನ್ನು ಹೀಗೇ ತೇಲಿಸಿ ನೋಡುವುದನ್ನು ವಿದ್ಯಾರ್ಥಿಗಳಿಗೆ ಕಲಿಸುತ್ತಾರೆ. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಅಡಿಯಲ್ಲಿ ಬೆಂಗಳೂರಿನ ಹೆಬ್ಬಾಳ, ಶಿವಮೊಗ್ಗ, ಹಾಸನ, ಗದಗ ಸೇರಿ ಹಲವೆಡೆ ಕಾಲೇಜುಗಳಿವೆ. ಪಾಲಿಕೆಗಳು, ಪುರಸಭೆಗಳು ಈ ಕಾಲೇಜುಗಳ ಜೊತೆ ಒಪ್ಪಂದ ಮಾಡಿಕೊಂಡು ವರ್ಷಕ್ಕೆರಡು ಸಲ, ಮಳೆಗಾಲಕ್ಕೆ ಮೊದಲು ಮತ್ತು ನಂತರ, ಮಕ್ಕಳ ಆಟದ ಜಾಗಗಳ ಮಣ್ಣು ಪರೀಕ್ಷಿಸಿ ಫಲಿತಾಂಶವನ್ನು ಪಾರ್ಕಿನ ಬಾಗಿಲಲ್ಲೇ ಬರೆದು ಹಾಕಬಹುದು. ಕಡಲು ಮತ್ತು ಕೆರೆ ನದಿಗಳಲ್ಲಿನ ಈಜು, ಆಟದ ಕುರಿತು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೊರಡಿಸಿದ ಮಾರ್ಗಸೂಚಿ, ನೀರಿನ ಜೊತೆಗೆ ದಡದ ಮರಳಿನ ಮೇಲೂ ಕಣ್ಣಿಡಬೇಕು ಎಂದು ಹೇಳಿದೆ. ಕುಡಿಯುವ ನೀರನ್ನು ಪರೀಕ್ಷಿಸುವುದು ಸರ್ಕಾರದ ಕರ್ತವ್ಯ ಎಂದು ನಾವೆಲ್ಲ ಒಪ್ಪಿದ್ದೇವೆ. ಮಕ್ಕಳು ಗಂಟೆಗಟ್ಟಲೆ ಮುಳುಗಿರುವ ಮರಳಿಗೂ ಆ ಕರ್ತವ್ಯ ವಿಸ್ತರಿಸಬೇಕು.

ಯಾರು ಏನು ಮಾಡಬೇಕು

ದೂರು ಬಂದಾಗ ಬ್ಲೀಚಿಂಗ್ ಪೌಡರ್ ಎರಚಿ ಫಿನಾಯಿಲ್ ಸುರಿದುಹೋಗುವುದು ನಮ್ಮಲ್ಲಿ ರೂಢಿ. ಟಾಕ್ಸೊಕಾರಾ ಮೊಟ್ಟೆಯ ಕವಚ ಇವೆರಡನ್ನೂ ತಡೆದುಕೊಳ್ಳುತ್ತದೆ. ಅದನ್ನು ಕೊಲ್ಲುವುದು ಕುದಿನೀರಿನ, ಹಬೆಯ ಬಿಸಿ. ಇಡೀ ಪಾರ್ಕಿಗೆ ಅದು ಆಗುವ ಮಾತಲ್ಲ. ಆದ್ದರಿಂದ ಬೀಳದಂತೆ ನೋಡಿಕೊಳ್ಳುವುದು, ಬಿದ್ದದ್ದನ್ನು ಬಲಿಯುವ ಮುಂಚೆ ತೆಗೆಯುವುದು, ಇವೆರಡೇ ದಾರಿ. ಮರಳುಗುಂಡಿಗೆ ಗಿಡ್ಡ ಬೇಲಿ, ಸಂಜೆ ಬಾಗಿಲು ಹಾಕುವಾಗ ಬಿಗಿಯಾದ ಹೊದಿಕೆ, ಬೆಳಿಗ್ಗೆ ಮಕ್ಕಳು ಬರುವ ಮುಂಚೆ ಕುಂಟೆಯಿಂದ ಒಮ್ಮೆ ಎಳೆದು ಮಲ ಸಿಕ್ಕರೆ ಸುತ್ತಲಿನ ಮರಳಿನ ಸಮೇತ ತೆಗೆಯುವುದು, ಬಿಸಿಲಿನ ದಿನ ಮರಳನ್ನು ಬುಡಮೇಲು ಮಾಡಿ ಒಣಗಿಸುವುದು, ಕಾಲಕಾಲಕ್ಕೆ ಹಳೆ ಮರಳು ತೆಗೆದು ಹೊಸದು ಹಾಕುವುದು. ಬಿಸಿಲು ಕೊಕ್ಕೆಹುಳುವಿನ ಮರಿಯನ್ನು ಬೇಗ ಕೊಲ್ಲುತ್ತದೆ. ದುಂಡುಹುಳುವಿನ ಮೊಟ್ಟೆಗೆ ಮಾತ್ರ ಮರಳನ್ನೇ ಬದಲಿಸಬೇಕಾದೀತು. ಈ ಕೆಲಸ ಮಾಡುವ ಪೌರಕಾರ್ಮಿಕರ ಮತ್ತು ಮಾಲಿಗಳ ಕೈಗೆ ಗವಸು, ಕಾಲಿಗೆ ಬೂಟು, ಕೈತೊಳೆಯಲು ಸೋಪು ಕೊಡದೆ ಈ ಮಾತು ಆಡುವ ಹಕ್ಕು ನಮಗಿಲ್ಲ. ಮಕ್ಕಳಿಗಿಂತ ಹೆಚ್ಚು ಹೊತ್ತು ಆ ಮಣ್ಣಿನಲ್ಲಿ ಇರುವವರು ಅವರು.

ನಾಯಿ ಸಾಕುವವರು ಮರಿಗೆ ಎರಡು ವಾರ ತುಂಬಿದಾಗಿನಿಂದಲೇ ಹುಳುವಿನ ಔಷಧಿ ಶುರುಮಾಡಬೇಕು. ಎರಡು, ನಾಲ್ಕು, ಆರು, ಎಂಟನೇ ವಾರಗಳಲ್ಲಿ, ಆಮೇಲೆ ಪಶುವೈದ್ಯರು ಹೇಳಿದಂತೆ. ಮೊದಲ ಲಸಿಕೆಗೆ ಹೋದಾಗ ನೋಡೋಣ ಎಂದು ಬಿಟ್ಟರೆ ಅಷ್ಟರಲ್ಲಿ ಮರಿ ವಾರಗಟ್ಟಲೆ ಮೊಟ್ಟೆ ಹರಡಿರುತ್ತದೆ. ವಾಕಿಂಗಿಗೆ ಹೊರಟಾಗ ಒಂದು ಚೀಲ ಜೇಬಿನಲ್ಲಿರಲಿ, ಮಲವನ್ನು ಅಲ್ಲಿಯೇ ಎತ್ತಲಿ. 1970ರ ದಶಕದ ನ್ಯೂಯಾರ್ಕಿನಲ್ಲಿ ಫ್ರ್ಯಾನ್ ಲೀ ಎಂಬ ಮಹಿಳೆ ಇದೇ ಹುಳುವಿನ ವಿಷಯ ಹಿಡಿದು, ನಾಯಿಗಿಂತ ಮಕ್ಕಳು ಮೊದಲು ಎಂದು ಊರೆಲ್ಲ ಚರ್ಚೆ ಎಬ್ಬಿಸಿದರು. 1978ರಲ್ಲಿ ಅಲ್ಲಿ ನಾಯಿಯ ಮಲವನ್ನು ಒಡೆಯರೇ ಎತ್ತಬೇಕೆಂಬ ಕಾನೂನು ಜಾರಿಗೆ ಬಂತು. ಜನ ಪಾಲಿಸಲಾರರು ಎಂದವರಿದ್ದರು. ಇವತ್ತು ಅದು ಅಲ್ಲಿನ ದಿನನಿತ್ಯದ ನಡವಳಿಕೆ.

ಬೀದಿನಾಯಿಗಳದ್ದು ದೊಡ್ಡ ಪ್ರಶ್ನೆ. ಬೆಂಗಳೂರಿನಲ್ಲಿ ಪಾಲಿಕೆಯ 2023ರ ಸಮೀಕ್ಷೆ ಸುಮಾರು 2.79 ಲಕ್ಷ ಬೀದಿನಾಯಿಗಳನ್ನು ಲೆಕ್ಕ ಹಾಕಿತು. 2019ರಲ್ಲಿ ಅದು 3.10 ಲಕ್ಷವಿತ್ತು. ಸಂತಾನಹರಣ ಶಸ್ತ್ರಚಿಕಿತ್ಸೆ ಫಲ ಕೊಡುತ್ತಿದೆ. ಮರಿಗಳು ಕಡಿಮೆಯಾದಷ್ಟೂ ಮಣ್ಣಿಗೆ ಬೀಳುವ ಮೊಟ್ಟೆ ಕಡಿಮೆ ಎಂಬುದು ಅದರ ಮೇಲೆ ಸಿಗುವ ಲಾಭ. ಸುಪ್ರೀಂ ಕೋರ್ಟ್ 2025ರ ಆಗಸ್ಟ್ 22ರ ಆದೇಶದಲ್ಲಿ, ಹಿಡಿದ ನಾಯಿಗಳಿಗೆ ಸಂತಾನಹರಣ ಚಿಕಿತ್ಸೆ, ಲಸಿಕೆಗಳ ಜೊತೆ ಜಂತುಹುಳುವಿನ ಔಷಧಿಯನ್ನೂ ಕೊಡಬೇಕೆಂದು ಹೇಳಿತು. ವಾರ್ಡುವಾರು ಆಹಾರ ನೀಡುವ ಜಾಗ ಗುರುತಿಸಬೇಕೆಂದೂ ಸೂಚಿಸಿತು. ಕಚ್ಚುವ ವಿಷಯದ ವಾಗ್ವಾದದಲ್ಲಿ ಔಷಧಿಯ ಆ ಒಂದು ಪದ ಯಾರ ಗಮನಕ್ಕೂ ಬರಲಿಲ್ಲ. ಅದರ ಮಿತಿಯನ್ನೂ ತಿಳಿಯಬೇಕು: ಜೀವಮಾನದಲ್ಲಿ ಒಮ್ಮೆ ಕೊಟ್ಟ ಔಷಧಿ ಮುಂದಿನ ಸೋಂಕನ್ನು ತಡೆಯದು. ಇಲ್ಲಿಯೇ ಬೀದಿನಾಯಿಗೆ ದಿನವೂ ಅನ್ನ ಹಾಕುವವರ ನೆರವು ಬೇಕಾಗುವುದು. ಯಾವ ನಾಯಿ ಎಲ್ಲಿ ಮರಿ ಹಾಕಿದೆ ಎಂದು ಅವರಿಗೆ ಗೊತ್ತು. ಪಶುವೈದ್ಯರ ಸಲಹೆಯಂತೆ ಆ ಮರಿಗಳಿಗೆ ಔಷಧಿ ಕೊಡಿಸುವ ಕೆಲಸವನ್ನು ಅವರೂ ಪಾಲಿಕೆಯೂ ಸೇರಿ ಮಾಡಿದರೆ, ನಾಯಿಯನ್ನು ಪ್ರೀತಿಸುವವರಿಗೂ ಮಕ್ಕಳ ತಾಯಿಯರಿಗೂ ಜಗಳವಾಡಲು ಕಾರಣವೇ ಉಳಿಯುವುದಿಲ್ಲ. ಆಹಾರ ಹಾಕುವ ಜಾಗ ಮಾತ್ರ ಮಕ್ಕಳ ಆಟದ ಜಾಗದಿಂದ ದೂರವಿರಬೇಕು. ಉಣ್ಣುವ ಕಡೆಯೇ ಸುತ್ತಮುತ್ತ ಮಲವೂ ಬೀಳುತ್ತದೆ.

ಮನೆಯಲ್ಲಿ ನಾವು ಮಾಡಬೇಕಾದದ್ದು ಸ್ವಲ್ಪವೇ. ಆಟ ಮುಗಿದ ಕೂಡಲೇ ಸೋಪು ಹಚ್ಚಿ ಕೈ ತೊಳೆಸುವುದು. ಸ್ಯಾನಿಟೈಸರ್ ಸಾಲದು, ಅದು ಮೊಟ್ಟೆಯನ್ನು ಕೊಲ್ಲುವುದಿಲ್ಲ, ಹರಿಯುವ ನೀರು ಅದನ್ನು ಕೊಚ್ಚಿಕೊಂಡು ಹೋಗುತ್ತದೆ. ಉಗುರು ಕತ್ತರಿಸುವುದು. ಪಾರ್ಕಿನಲ್ಲಿ ತಿಂಡಿಯ ಡಬ್ಬಿ ತೆರೆಯುವ ಮುಂಚೆ ನಲ್ಲಿಯ ಕಡೆ ಹೋಗುವುದು. ಮಗು ಪದೇ ಪದೇ ಮಣ್ಣು ತಿನ್ನುತ್ತಿದ್ದರೆ ಹೊಡೆಯುವ ಬದಲು ರಕ್ತದಲ್ಲಿ ಕಬ್ಬಿಣಾಂಶ ಕಡಿಮೆ ಇದೆಯೇ ಎಂದು ತೋರಿಸುವುದು.

ಮಣ್ಣು ಬೇಡವೇ ಬೇಡ ಎಂದು ಆಟದ ಜಾಗಕ್ಕೆಲ್ಲ ಸಿಮೆಂಟು, ರಬ್ಬರ್ ಹಾಸು ಹಾಕಿಸುವವರು ಹೆಚ್ಚುತ್ತಿದ್ದಾರೆ. ಅವರ ಆತಂಕ ಅರ್ಥವಾಗುತ್ತದೆ, ಆದರೆ ನಷ್ಟ ದೊಡ್ಡದು. ಫಿನ್ಲೆಂಡಿನಲ್ಲಿ ಪುಟ್ಟ ಮಕ್ಕಳ ಶಿಶುವಿಹಾರಗಳ ಬೋಳು ಅಂಗಳಕ್ಕೆ ಕಾಡಿನ ಮಣ್ಣು, ಹುಲ್ಲು ತಂದು ಹಾಸಿ 28 ದಿನ ಆಡಲು ಬಿಟ್ಟರು. ಅಂಗಳ ಬದಲಾದ ಕಡೆ ಮಕ್ಕಳ ಚರ್ಮದ ಮೇಲಿನ ಸೂಕ್ಷ್ಮಜೀವಿಗಳ ವೈವಿಧ್ಯ ಹೆಚ್ಚಿತು, ರಕ್ತದಲ್ಲಿ ರೋಗನಿರೋಧಕ ವ್ಯವಸ್ಥೆಯ ಹದ ಉತ್ತಮಗೊಂಡ ಸೂಚನೆಗಳು ಕಂಡವು. 3ರಿಂದ 5 ವರ್ಷದ 75 ಮಕ್ಕಳ ಆ ಅಧ್ಯಯನ ಚಿಕ್ಕದು, 2020ರಲ್ಲಿ ಪ್ರಕಟವಾಯಿತು. ಆದರೂ ಅದು ತೋರುವ ದಿಕ್ಕು ನಮ್ಮ ಅನುಭವಕ್ಕೆ ಹತ್ತಿರವಾದದ್ದು. ಗೂಡು ಕಟ್ಟಲು, ಕಾಲುವೆ ತೋಡಲು, ಬಿದ್ದು ಎದ್ದು ಮೈ ಗಟ್ಟಿ ಮಾಡಿಕೊಳ್ಳಲು ಮಗುವಿಗೆ ಮಣ್ಣು ಬೇಕು.

ಆದ್ದರಿಂದ ಮುಂದಿನ ಸಲ ವಾರ್ಡ್ ಸಭೆಯಲ್ಲೋ ಗ್ರಾಮಸಭೆಯಲ್ಲೋ ಅಪಾರ್ಟ್‌ಮೆಂಟ್ ಸಂಘದ ಸಭೆಯಲ್ಲೋ ಪಾರ್ಕಿನ ವಿಷಯ ಬಂದಾಗ ಮರಳುಗುಂಡಿ ಮುಚ್ಚಿ ಹಾಕಿ ಎಂದು ಕೇಳಬೇಡಿ. ಅದಕ್ಕೆ ರಾತ್ರಿಯ ಹೊದಿಕೆ ಕೇಳಿ, ದಿನದ ಶುಚಿ ಕೇಳಿ, ವರ್ಷಕ್ಕೆರಡು ಪರೀಕ್ಷೆ ಕೇಳಿ, ಬೀದಿಯ ನಾಯಿಮರಿಗಳಿಗೆ ಹುಳುವಿನ ಔಷಧಿ ಕೇಳಿ. ಹೊಸ ಜಾರುಬಂಡೆಯೊಂದಕ್ಕೆ ತಗಲುವ ಖರ್ಚಿಗಿಂತ ಇದು ಹೆಚ್ಚೇನಲ್ಲ. ಹೊರೆ ಹೊರಬೇಕಾದದ್ದು ದೊಡ್ಡವರು; ಆಡುವ ಹಕ್ಕನ್ನು ಬಿಟ್ಟುಕೊಡಬೇಕಾದದ್ದು ಮಕ್ಕಳಲ್ಲ.